ಹೊಗಳಿಕೆ ಕೇಳಿ ಹೋದ ಬಿರಿಯಾನಿ

ಕರಾವಳಿಯ ಬ್ಯಾರಿ ಮನೆಗಳಿಗೆ ದಾವಣಗೆರೆ ಈಗ ದೂರದ ಊರಲ್ಲ. ಮಕ್ಕಳ ಮೆಡಿಕಲ್, ಎಂಜಿನಿಯರಿಂಗ್ ಓದು, ವ್ಯಾಪಾರ ಎಂದು ಘಟ್ಟ ಹತ್ತುವವರು ಹಲವರಿದ್ದಾರೆ. ಹೊಸ ಊರಿಗೆ ಹೋಗುವಾಗ ನಾವು ಮೊದಲು ವಿಚಾರಿಸುವುದು ಹಲಾಲ್ ಊಟ ಎಲ್ಲಿ ಸಿಗುತ್ತದೆ ಎಂದು. ಈ ಸಲ ಕೇಳಿದವರೆಲ್ಲ ಒಂದೇ ಹೋಟೆಲಿನ ಹೆಸರು ಹೇಳಿದರು. ‘ಅಲ್ಲಿ ತಿನ್ನದೆ ಬಂದರೆ ಹೋದದ್ದೇ ದಂಡ’ ಎಂದವರೂ ಉಂಟು.

ನಾವು ಎರಡು ಮನೆಯವರು, ಮಕ್ಕಳೂ ವಯಸ್ಸಾದ ಉಮ್ಮನೂ ಸೇರಿ ಎಂಟು ಮಂದಿ. ಹರಿಹರದಲ್ಲಿ ಕೆಲಸ ಮುಗಿಯುವಾಗ ಮಗ್ರಿಬ್ ಆಗಿತ್ತು. ಅಲ್ಲೇ ಏನಾದರೂ ತಿನ್ನಬಹುದಿತ್ತು. ಆದರೆ ಆ ಹೆಸರನ್ನು ನೆಚ್ಚಿ, ಹಸಿದ ಮಕ್ಕಳನ್ನು ಸಮಾಧಾನ ಮಾಡುತ್ತಾ ಸುಮಾರು 14 ಕಿ.ಮೀ. ದೂರದ ದಾವಣಗೆರೆಗೆ ಬಂದೆವು.

ಮುಕ್ಕಾಲು ಗಂಟೆ ಕಾದ ಮೇಲೆ ಬಿರಿಯಾನಿ ಬಂತು. ಮೇಲೆ ಬಿಸಿ ಅನ್ನ, ಹುರಿದ ಈರುಳ್ಳಿ, ಒಳ್ಳೆಯ ಪರಿಮಳ. ಕೆಳಗೆ ಕೈ ಹಾಕಿದರೆ ತಣ್ಣಗಿನ ಅನ್ನ, ಹುಳಿ ವಾಸನೆ. ಶುಗರ್ ಇರುವ ಉಮ್ಮ ಮಾತ್ರೆ ನುಂಗಿ ಕಾದಿದ್ದರು, ಕೊನೆಗೆ ಮೊಸರು ಬಜ್ಜಿ ಮತ್ತು ರೊಟ್ಟಿಯಲ್ಲೇ ಮುಗಿಸಿದರು. ಕೇಳಿದಾಗ ಸಪ್ಲಾಯರ್ ಹುಡುಗ ತಲೆ ತಗ್ಗಿಸಿದ. ಅವನದೇನು ತಪ್ಪು? ಬಿಲ್ಲಿನಲ್ಲಿ ಮುಟ್ಟದ ಪ್ಲೇಟುಗಳ ಹಣವೂ ಇತ್ತು, ಸರ್ವಿಸ್ ಚಾರ್ಜೂ ಇತ್ತು. ‘ಎಲ್ಲಾರೂ ಕೊಡ್ತಾರ್ರೀ’ ಎಂದರು ಗಲ್ಲೆಯಲ್ಲಿದ್ದವರು. ಅದು ಕಡ್ಡಾಯವಲ್ಲ ಎಂದು ನಾವು ಹೇಳಿದ ಮೇಲೆ ಚಾರ್ಜ್ ತೆಗೆದರು, ಪ್ಲೇಟಿನ ಹಣ ಬಿಡಲಿಲ್ಲ.

‘ಅನ್ನಕ್ಕೆ ಕುಂದು ಹೇಳಬಾರದು ಮಕ್ಕಳೇ’ ಎಂದರು ಉಮ್ಮ. ಹೌದು, ಪ್ರವಾದಿಯವರು (ಸ) ಊಟಕ್ಕೆ ಕುಂದು ಹೇಳುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಆದರೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಮೇಲೆ ಯಾಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ್ದೂ ಅವರೇ. ರುಚಿಗೆ ಕೊಂಕು ತೆಗೆಯುವುದು ಬೇರೆ, ಹಳಸಿದ್ದನ್ನು ಬಿಸಿ ಅನ್ನದಡಿ ಮುಚ್ಚಿ ಮಾರಿದ್ದನ್ನು ಕೇಳುವುದು ಬೇರೆ.

ಶಿಫಾರಸು ಮಾಡಿದವರಿಗೆ ಫೋನ್ ಮಾಡಿದೆವು. ಒಬ್ಬರು ಅಲ್ಲಿ ಉಂಡು ಆರು ವರ್ಷವಾಗಿತ್ತು. ಇನ್ನೊಬ್ಬರು ಉಂಡೇ ಇರಲಿಲ್ಲ, ಭಾವ ಹೇಳಿದ್ದನ್ನು ನಮಗೆ ದಾಟಿಸಿದ್ದರು. ಈ ನಡುವೆ ಬಾಣಸಿಗ ಬದಲಾಗಿರಬಹುದು, ಮಾಲಕರೇ ಬದಲಾಗಿರಬಹುದು. ಹೊಗಳಿಕೆ ಮಾತ್ರ ಹಾಗೇ ಬಾಯಿಂದ ಬಾಯಿಗೆ ಹೋಗುತ್ತಿದೆ.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಒಂದು ಸಣ್ಣ ಬೆಣ್ಣೆ ದೋಸೆ ಹೋಟೆಲಿಗೆ ಹೋದೆವು. ಕಾವಲಿ ಕಣ್ಣೆದುರೇ ಇತ್ತು. ದೋಸೆ, ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ, ಮೇಲೆ ಕರಗುವ ಬೆಣ್ಣೆ. ಉಮ್ಮ ಬೆಣ್ಣೆ ಕಡಿಮೆ ಹಾಕಿಸಿಕೊಂಡು ಒಂದೂವರೆ ದೋಸೆ ತಿಂದರು. ಈ ದೋಸೆ ಹಿಟ್ಟಿಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಆ ಮಂಡಕ್ಕಿ ಹುರಿಯುವ ಊರಿನ ಭಟ್ಟಿಗಳಲ್ಲಿ ಹೊಗೆ, ಬಿಸಿ ಸಹಿಸಿ ದುಡಿಯುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಸಂಜೆ ಅದೇ ಮಂಡಕ್ಕಿಯನ್ನು ಬಿಸಿ ಮಿರ್ಚಿಯೊಂದಿಗೆ ತಿಂದು ಮಕ್ಕಳು ಖುಷಿಯಾದರು.

ಹೊರಗೆ ಉಣ್ಣುವವರು ಕೆಲವು ವಿಷಯ ತಿಳಿದಿರಬೇಕು. ಹೋಟೆಲಿನವರು 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಕಾಣುವಂತೆ ಹಾಕಿರಬೇಕು. ಜಿಎಸ್‌ಟಿ ತೆರಿಗೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿದೆ, ದಿಲ್ಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ದೂರು ಇದ್ದರೆ ಬಿಲ್ ಇಟ್ಟುಕೊಂಡು 1915ಕ್ಕೆ ಕರೆ ಮಾಡಬಹುದು.

ಇನ್ನೊಬ್ಬರಿಗೆ ದಾರಿ ಹೇಳುವುದೂ ಒಂದು ಅಮಾನತ್ತು. ಯಾವಾಗ ಉಂಡದ್ದು, ಏನು ಉಂಡದ್ದು ಎಂಬುದನ್ನು ಸೇರಿಸಿಯೇ ಹೇಳೋಣ. ಉಂಡಿಲ್ಲವಾದರೆ ‘ಗೊತ್ತಿಲ್ಲ’ ಎಂದರೆ ಸಾಕು, ಕೇಳಿದವರು ಬೇರೆ ಜಾಗ ಹುಡುಕಿಕೊಳ್ಳುತ್ತಾರೆ.