ನಿಂಬೆಹಣ್ಣು ಚಕ್ರದಡಿ, ತಕರಾರು ಎಂಜಿನ್ನಿನೊಳಗೆ

2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ ಓಲಾ ವಿದ್ಯುತ್ ಸ್ಕೂಟರ್‌ಗಳ ಷೋರೂಮ್ ಹೊತ್ತಿ ಉರಿಯಿತು. ಆರು ಗಾಡಿಗಳು ಕರಕಲಾದವು. ಪೊಲೀಸರು ಬಂಧಿಸಿದ್ದು ಅಲ್ಲಿನ ಗ್ರಾಹಕನೊಬ್ಬನನ್ನು. ಆಗಸ್ಟ್‌ನಲ್ಲಷ್ಟೇ 1.4 ಲಕ್ಷ ರೂಪಾಯಿ ಕೊಟ್ಟು ತಂದ ಸ್ಕೂಟರ್ ಬಂದ ಕೆಲವೇ ದಿನಗಳಲ್ಲಿ ಕೈಕೊಟ್ಟಿತು, ಷೋರೂಮಿಗೆ ಅಲೆದು ಅಲೆದು ರೋಸಿಹೋದ ಆತ ಪೆಟ್ರೋಲ್ ಸುರಿದು ಬೆಂಕಿ ಇಟ್ಟ ಎಂಬುದು ಆರೋಪ. ಆತನ ಕಸುಬು ಮೆಕ್ಯಾನಿಕ್.

ಬೆಂಕಿ ಇಡುವುದನ್ನು ಯಾರೂ ಒಪ್ಪಲಾರರು. ಆದರೆ ಊರವರ ಗಾಡಿ ರಿಪೇರಿ ಮಾಡುವವನಿಗೇ ತನ್ನ ಹೊಸ ಗಾಡಿಯನ್ನು ಸರಿ ಮಾಡಿಸಿಕೊಳ್ಳಲು ಆಗಲಿಲ್ಲವೆಂದರೆ, ಬಾನೆಟ್ ಎತ್ತಿ ಸುಮ್ಮನೆ ನಿಂತು ನೋಡುವ ನಮ್ಮಂಥವರ ಪಾಡೇನು? ಮುಂದಿನ ತಿಂಗಳೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆ ಕಂಪನಿಗೆ ನೋಟಿಸ್ ಕೊಟ್ಟಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದಿದ್ದ ದೂರುಗಳು 10,644. ಅವುಗಳಲ್ಲಿ ಶೇ 99.1ರಷ್ಟನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು.

ಹೊಸ ಗಾಡಿ ಬಂದ ದಿನ ನಾವು ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ, ದೃಷ್ಟಿ ತಾಗದಿರಲಿ ಅಂತ. ಅಮೆರಿಕದಲ್ಲಿ ಕೆಟ್ಟ ಗಾಡಿಗೇ ‘ಲೆಮನ್’ ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಗಳ ಸಂತೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂಬುದು ಅದರ ತಿರುಳು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಾಗಲೇ ಅಲ್ಲಿ ‘ಲೆಮನ್ ಲಾ’ಗಳು ಬಂದು ಎಷ್ಟೋ ಕಾಲವಾಗಿತ್ತು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ದಾರಿ ತೋರಿಸಿತ್ತು. ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಯಾದರೂ ಸರಿಹೋಗದಿದ್ದರೆ, ಅಥವಾ ಗಾಡಿ ಒಟ್ಟು 30 ದಿನ ಗ್ಯಾರೇಜಿನಲ್ಲೇ ಬಿದ್ದಿದ್ದರೆ, ಬದಲಿ ಗಾಡಿ ಕೊಡಬೇಕು ಇಲ್ಲವೇ ಹಣ ಹಿಂದಿರುಗಿಸಬೇಕು ಎಂಬುದು ಅಲ್ಲಿನ ಹಲವು ರಾಜ್ಯಗಳ ಲೆಕ್ಕ. ಸಿಂಗಪುರ 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆರು ತಿಂಗಳೊಳಗೆ ಕಂಡ ದೋಷ ಕೊಡುವಾಗಲೇ ಇತ್ತು ಎಂದು ಕಾನೂನು ನಂಬುತ್ತದೆ, ಇರಲಿಲ್ಲ ಎಂದು ತೋರಿಸುವ ಹೊಣೆ ಮಾರಿದವನದು.

ನಮ್ಮಲ್ಲಿ ಆ ಹೊಣೆ ಕೊಂಡವನದು. ವ್ಯತ್ಯಾಸವೆಲ್ಲ ಇರುವುದು ಇಲ್ಲೇ.

ನಮಗೆ ಪ್ರತ್ಯೇಕ ಲೆಮನ್ ಲಾ ಇಲ್ಲ, 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. ಕೆಟ್ಟ ಕಾನೂನೇನಲ್ಲ. ಗಾಡಿ ಎಲ್ಲಿ ಕೊಂಡಿರಿ, ಕಂಪನಿಯ ಕಚೇರಿ ಎಲ್ಲಿದೆ ಎಂಬ ಗೊಡವೆಯಿಲ್ಲದೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೆತ್ತ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಬಾಡಿಗೆಗೆ ಓಡಿಸುವ ಗಾಡಿಯಾದರೂ ಚಿಂತೆಯಿಲ್ಲ. ಹೊಟ್ಟೆಪಾಡಿಗಾಗಿ ತಾನೇ ಓಡಿಸಲು ಒಂದು ಟ್ಯಾಕ್ಸಿ ಕೊಂಡವನು ಗ್ರಾಹಕನೇ.

ತೊಡಕು ಸಾಕ್ಷ್ಯದ್ದು. ಆಯೋಗದ ಮುಂದೆ ‘ಗಾಡಿ ಸರಿಯಿಲ್ಲ’ ಎಂದರೆ ಸಾಲದು, ಅದು ತಯಾರಿಕೆಯಲ್ಲೇ ಆದ ದೋಷ ಎಂದು ತೋರಿಸಬೇಕು. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಬಿಡಿಭಾಗ ಬದಲಿಸುತ್ತೇವೆ ಎಂದಷ್ಟೇ ಬರೆದಿರುವಾಗ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂದಿತು. 2010ರ ಇನ್ನೊಂದು ಪ್ರಕರಣದಲ್ಲಿ ಎಂಜಿನ್ ಬದಲಿಸಿದರೂ ಕಾರಿನ ಮಾಲೀಕರ ತಕರಾರು ಮುಗಿದಿರಲಿಲ್ಲ. ಸ್ವತಂತ್ರ ತಜ್ಞರಿಂದ ಪರೀಕ್ಷೆ ಮಾಡಿಸಿ, ತಯಾರಿಕೆಯ ದೋಷ ಖಚಿತವಾದರೆ ಬಡ್ಡಿ ಸಮೇತ ಹಣ ಕೊಡಿ ಎಂದು ಅದೇ ಕೋರ್ಟ್ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಗೆಲುವಿನ ಕೀಲಿ ತಜ್ಞರ ವರದಿಯಲ್ಲಿದೆ ಎಂದು ತಿಳಿಯುತ್ತದೆ. ಆ ತಜ್ಞರಾದರೋ ನೋಡುವುದು ಗಾಡಿಯ ಜೊತೆಗೆ ಅದರ ಹಳೇ ಜಾಬ್ ಕಾರ್ಡುಗಳನ್ನು, ಅಂದರೆ ಸರ್ವಿಸ್ ಸೆಂಟರಿನಲ್ಲಿ ದೂರು, ರಿಪೇರಿ ಬರೆದಿಡುವ ಚೀಟಿಗಳನ್ನು.

ಜಾಬ್ ಕಾರ್ಡಿನ ಮಹಿಮೆ ನನಗೆ ಗೊತ್ತಾದದ್ದು ಸ್ವಂತ ಅನುಭವದಿಂದ. ಹೊಸ ಕಾರು, ಒಂದೂವರೆ ಸಾವಿರ ಕಿಲೋಮೀಟರ್ ಓಡಿತ್ತಷ್ಟೆ. ಬೆಳಿಗ್ಗೆ ಮನೆ ಮುಂದಿನ ಹಂಪ್ ದಾಟುವಾಗ ಮುಂದಿನ ಎಡಗಡೆ ‘ಕಟ್ ಕಟ್’ ಸದ್ದು. ಊರಾಚೆಯ ಬೈಪಾಸ್‌ನಲ್ಲಿರುವ ಸರ್ವಿಸ್ ಸೆಂಟರ್ ಮುಟ್ಟುವಷ್ಟರಲ್ಲಿ ಸದ್ದು ಮಂಗಮಾಯ. ಅಡ್ವೈಸರ್ ಹುಡುಗ ಬಲು ವಿನಯವಂತ. “ಟ್ರಯಲ್ ನೋಡಿದ್ವಿ ಸಾರ್, ಏನೂ ಸೌಂಡ್ ಇಲ್ಲ. ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ.” ಎರಡನೇ ಸಲ ಏನೋ ಟೈಟ್ ಮಾಡಿದರು. ಮೂರನೇ ಸಲ ಲಿಂಕ್ ರಾಡ್ ಬದಲಿಸಿದರು. ಸದ್ದು ಮಾತ್ರ ಹಾಗೇ ಇತ್ತು.

ಮನೆಗೆ ಬಂದು ಮೂರೂ ಜಾಬ್ ಕಾರ್ಡ್ ಹರಡಿ ಕೂತೆ. ಮೂರರಲ್ಲೂ ದೂರಿನ ಜಾಗದಲ್ಲಿ ಇದ್ದದ್ದು ‘ನಾಯ್ಸ್ ಚೆಕ್’ ಎಂಬ ಎರಡೇ ಪದ. ಕೆಳಗೆ ‘ಓಕೆ’, ಅದರಡಿ ನನ್ನದೇ ಸಹಿ. ಅಂದರೆ ನನ್ನ ಕಾರು ಸರಿಯಾಗಿದೆ ಎಂದು ನಾನೇ ಮೂರು ಸಲ ಬರೆದುಕೊಟ್ಟಿದ್ದೆ!

ನಾಲ್ಕನೇ ಸಲ ಹುಡುಗನ ಪಕ್ಕದಲ್ಲೇ ನಿಂತು ಬರೆಸಿದೆ: ‘ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಮೊದಲ ಹತ್ತು ನಿಮಿಷ, ಸೆಕೆಂಡ್ ಗೇರ್, ನಿಧಾನವಾಗಿ ಹಂಪ್ ಇಳಿಯುವಾಗ, ಮುಂದಿನ ಎಡ ಚಕ್ರದ ಬಳಿ ಸದ್ದು. ಇದೇ ದೂರು ಹಿಂದೆ ಮೂರು ಸಲ.’ ಅತ್ತ ಕೈ ಒರೆಸುತ್ತ ಬಂದ ಹಿರಿಯ ಮೆಕ್ಯಾನಿಕ್ ಅದನ್ನು ಓದಿ, “ಇವತ್ತು ಗಾಡಿ ಇಲ್ಲೇ ಬಿಟ್ಟು ಹೋಗಿ ಸಾರ್, ಬೆಳಿಗ್ಗೆ ತಣ್ಣಗಿರುವಾಗ ನಾನೇ ತೆಗೀತೀನಿ” ಅಂದರು. ಮರುದಿನ ಒಂಬತ್ತಕ್ಕೇ ಫೋನ್ ಬಂತು. ಶಾಕ್ ಅಬ್ಸಾರ್ಬರ್ ಮೇಲಿನ ರಬ್ಬರ್ ಮೌಂಟ್ ಸೀಳಿತ್ತು. ಮೂರು ತಿಂಗಳ ಅಲೆದಾಟ, ಅರ್ಧ ದಿನದ ಕೆಲಸ. ಆ ಹುಡುಗ ಸುಳ್ಳು ಹೇಳಿರಲಿಲ್ಲ, ಅವನ ಟ್ರಯಲ್‌ನಲ್ಲಿ ಸದ್ದು ನಿಜಕ್ಕೂ ಬಂದಿರಲಿಲ್ಲ. ಆದರೆ ಯಾವಾಗ ಬರುತ್ತದೆ ಎಂದು ಅವನೂ ಕೇಳಲಿಲ್ಲ, ನಾನೂ ಬರೆಸಲಿಲ್ಲ.

ಎಲ್ಲ ತಕರಾರೂ ತಯಾರಿಕೆಯ ದೋಷವಲ್ಲ ಎಂಬುದನ್ನೂ ಒಪ್ಪಬೇಕು. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ಮಾನದಂಡ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ತುಂಬಿದ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ತೆವಳುವ ಕಾರಿಗೆ ಆ ಯೋಗವೆಲ್ಲಿ? ಕೆಲವೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಉರಿಯುತ್ತದೆ, ಎಂಜಿನ್ ಸೊರಗುತ್ತದೆ. ಆಗ ಸಿಗುವ ಉತ್ತರ, ‘ನೀವು ಓಡಿಸುವ ರೀತಿ ಸರಿಯಿಲ್ಲ’. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ದಿನಕ್ಕೆ ಎಂಟು ಕಿಲೋಮೀಟರ್ ಓಡಿಸುವವನಿಗೆ ಡೀಸೆಲ್ ಬೇಡ ಎಂದು ಹೇಳಬೇಕಾದದ್ದು ಮಾರುವ ದಿನ.

ಗ್ರಾಹಕನ ಕೈಯಾರೆ ಕೆಡುವುದೂ ಉಂಟು. ಡೆಲಿವರಿಯಾದ ಸಂಜೆಯೇ ಗಾಡಿಯನ್ನು ಆಕ್ಸೆಸರೀಸ್ ಅಂಗಡಿಗೆ ಒಯ್ದು, ವೈರ್ ಕತ್ತರಿಸಿ ಹೆಚ್ಚುವರಿ ಲೈಟ್, ಹಾರ್ನ್ ಹಾಕಿಸುತ್ತೇವೆ. ಆರು ತಿಂಗಳಿಗೆ ವಿದ್ಯುತ್ ಸಂಬಂಧಿ ದೋಷ ಬಂದರೆ ಕಂಪನಿ ಮೊದಲು ಬೊಟ್ಟು ಮಾಡುವುದು ಆ ಕತ್ತರಿಸಿದ ವೈರ್‌ಗೆ.

ಕರ್ನಾಟಕದವರಿಗೆ ಇನ್ನೊಂದು ಸಂಕಟ. ಪೆಟ್ರೋಲ್, ಡೀಸೆಲ್ ಕಾರಾದರೆ ಬೆಲೆಯ ಶೇ 13ರಿಂದ 18ರವರೆಗೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ವಿಮೆ ಮಾಡಿಸಿ, ನಂಬರ್ ಬಿದ್ದ ಮೇಲೆ ಗಾಡಿ ವಾಪಸ್ ಎಂಬ ಮಾತೇ ಜಟಿಲವಾಗುತ್ತದೆ. ಕಂಪನಿ ಬೆಲೆ ಹಿಂದಿರುಗಿಸಬಹುದು, ತೆರಿಗೆ ಯಾರು ಕೊಡಬೇಕು? ದೂರಿನಲ್ಲಿ ಅದನ್ನೂ ಬಿಡದೆ ಕೇಳಬೇಕು. ಇನ್ನೂ ಮೇಲು, ನಂಬರ್ ಬೀಳುವ ಮೊದಲೇ, ಹಗಲು ಬೆಳಕಿನಲ್ಲಿ, ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಗಾಡಿ ನೋಡುವುದು. ಟೈರ್ ಅಂಚಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಯಾರ್ಡಿನಲ್ಲಿ ವರ್ಷ ಕಳೆದ ಗಾಡಿ ಅಲ್ಲೇ ಸಿಕ್ಕಿಬೀಳುತ್ತದೆ.

ಒಂದೇ ಮಾಡೆಲ್‌ನ ಹಲವು ಗಾಡಿಗಳಲ್ಲಿ ಅಪಾಯಕಾರಿ ದೋಷ ಕಂಡರೆ ದಾರಿ ಬೇರೆ. 2021ರ ಏಪ್ರಿಲ್ 1ರಿಂದ, ಏಳು ವರ್ಷ ದಾಟದ ವಾಹನಗಳನ್ನು ಕಡ್ಡಾಯವಾಗಿ ವಾಪಸ್ ಕರೆಸಿ ಸರಿಪಡಿಸಿ ಎಂದು ಕಂಪನಿಗೆ ಹೇಳುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ತಪ್ಪಿದರೆ ದಂಡ ಒಂದು ಕೋಟಿ ರೂಪಾಯಿವರೆಗೆ. ಆದರೆ ಮಾಲೀಕರ ದೂರಿನಿಂದ ಆ ಚಕ್ರ ತಿರುಗಬೇಕಾದರೆ ನಿಗದಿತ ಸಂಖ್ಯೆಯಷ್ಟು ಜನ ದೂರು ಕೊಡಬೇಕು. ಒಬ್ಬರ ಗೋಳು ಅಲ್ಲಿ ಎಣಿಕೆಗೆ ಸಿಗುವುದಿಲ್ಲ.

ಹೊಸ ಗಾಡಿ ಸತಾಯಿಸುತ್ತಿದ್ದರೆ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ದೂರು ಬರೆಸಿ, ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕಾರ್ಡಿನ ಪ್ರತಿ ಕೈಗೆ ಬಾರದೆ ಗೇಟು ದಾಟಬೇಡಿ. ಆಯೋಗಕ್ಕೆ ಹೋಗಲು ಇರುವ ಅವಧಿ ಎರಡು ವರ್ಷ. ಅದಕ್ಕೆ ಮೊದಲು ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.