ಬೀಸೋ ಪದ ಬರೆದಿಡೋಣ

ಅಕ್ಕಂದಿರೇ, ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ರಾಗಿಯ ಸೀಮೆ. ಮುದ್ದೆ ಇಲ್ಲದೆ ನಮಗೆ ಊಟವಿಲ್ಲ. ಈಗ ರಾಗಿಯನ್ನು ಮಿಲ್ಲಿಗೆ ಹಾಕಿಸುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಹಿಟ್ಟು ಕೈಗೆ ಬರುತ್ತದೆ. ನಮ್ಮ ಅಜ್ಜಿಯರ ಕಾಲದಲ್ಲಿ ಹೀಗಿರಲಿಲ್ಲ. ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಕಲ್ಲಿನ ಮುಂದೆ ಕೂರಬೇಕಿತ್ತು.

ಒಂದು ಕೈಯಲ್ಲಿ ಗೂಟ ಹಿಡಿದು ಮೇಲಿನ ಕಲ್ಲು ತಿರುಗಿಸಬೇಕು. ಇನ್ನೊಂದು ಕೈಯಲ್ಲಿ ಹಿಡಿ ಹಿಡಿ ರಾಗಿ ಹಾಕಬೇಕು. ತೋಳು ಸೋಲುತ್ತಿತ್ತು. ಕಣ್ಣು ಎಳೆಯುತ್ತಿತ್ತು. ಅದಕ್ಕೇ ಪದ ಹೇಳುತ್ತಿದ್ದರು. ಕಲ್ಲು ತಿರುಗಿದ ಹಾಗೆ ಪದ, ಪದ ಸಾಗಿದ ಹಾಗೆ ಕಲ್ಲು. ಒಬ್ಬರು ಹೇಳಿದರೆ ಇನ್ನೊಬ್ಬರು ಸೊಲ್ಲು ಕೂಡಿಸುತ್ತಿದ್ದರು.

ಆ ಪದಗಳಲ್ಲಿ ಏನಿರುತ್ತಿತ್ತು? ತವರಿನ ನೆನಪು, ಅಣ್ಣನ ದಾರಿ ಕಾಯುವುದು, ಅತ್ತೆ ಮನೆಯ ಕಷ್ಟ, ಕೂಸಿನ ಆಟ, ದೇವರ ನೆನೆಯುವುದು. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತನ್ನು ಸೊಸೆ ಕಲ್ಲಿನ ಮುಂದೆ ಹೇಳಿಕೊಳ್ಳುತ್ತಿದ್ದಳು. ಮಾತಾಗಿ ಹೇಳಿದರೆ ಜಗಳ. ಪದವಾಗಿ ಹೇಳಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಮೂರು ಸಾಲಿನ ಲೆಕ್ಕ

ಬೀಸೋ ಪದಗಳಲ್ಲಿ ಬಹಳಷ್ಟು ಮೂರು ಸಾಲಿನವು. ಇದಕ್ಕೆ ತ್ರಿಪದಿ ಎಂದು ಹೆಸರು. ಹಾಡುವಾಗ ಎರಡನೇ ಸಾಲನ್ನು ಮತ್ತೆ ಹೇಳುವ ರೂಢಿ ಉಂಟು. ಸರ್ವಜ್ಞನ ವಚನಗಳೂ ತ್ರಿಪದಿಯೇ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಅದು ಸುಮಾರು 1300 ವರ್ಷ ಹಳೆಯದು. ಅದರಲ್ಲೂ ತ್ರಿಪದಿ ಇದೆ. ನೋಡಿ, ಅಕ್ಷರ ಬಾರದ ನಮ್ಮ ಅಜ್ಜಿಯರ ನಾಲಿಗೆಯ ಮೇಲೆ ಎಷ್ಟು ಹಳೆಯ ಪದ್ಯದ ಲೆಕ್ಕ ಇತ್ತು!

ದೇಶ ದೇಶದ ಹೆಂಗಸರು

ನಾವು ಮಾತ್ರ ಹೀಗೆ ಹಾಡಿದವರಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಬೀಸೋ ಪದಕ್ಕೆ ಓವಿ ಎನ್ನುತ್ತಾರೆ. ಪುಣೆಯ ಹೇಮಾ ರಾಯರ್ಕರ್ ಮತ್ತು ಅವರ ಸಂಗಡಿಗರು ಹಳ್ಳಿ ಹಳ್ಳಿ ಸುತ್ತಿ 1 ಲಕ್ಷಕ್ಕೂ ಹೆಚ್ಚು ಓವಿಗಳನ್ನು ಸಂಗ್ರಹಿಸಿದರು. ಆಫ್ರಿಕಾದ ಹೆಂಗಸರು ಒನಕೆ ಹಿಡಿದು ಧಾನ್ಯ ಕುಟ್ಟುವಾಗ ಹಾಡುತ್ತಾರೆ. ದೂರದ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಚಳಿ ಹೆಚ್ಚು. ಅಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ಒದ್ದೆ ಮಾಡಿ, ಹಲಗೆಯ ಸುತ್ತ ಕೂತು ಬಡಿಯುತ್ತಿದ್ದರು. ಬಡಿದರೆ ಬಟ್ಟೆ ದಪ್ಪವಾಗುತ್ತದೆ. ಅಲ್ಲೂ ಒಬ್ಬಳು ಪದ ಹೇಳುವಳು, ಉಳಿದವರು ಸೊಲ್ಲು ಹಿಡಿಯುವರು. ಯಂತ್ರ ಬಂದ ಮೇಲೆ ಆ ಕೆಲಸ ನಿಂತಿತು. ಬರೆದಿಟ್ಟ, ರೆಕಾರ್ಡ್ ಮಾಡಿಟ್ಟ ಹಾಡುಗಳು ಉಳಿದವು.

ನಮ್ಮಲ್ಲೂ ಹಾಗೇ. ಮಿಲ್ಲು ಬಂತು, ತೋಳಿನ ನೋವು ತಪ್ಪಿತು. ಅದು ಒಳ್ಳೆಯದೇ. ಮತ್ತೆ ಕಲ್ಲು ಬೀಸಿ ಎಂದು ಯಾರೂ ಹೇಳುವುದು ಬೇಡ. ಆದರೆ ಕಲ್ಲು ಮೂಲೆ ಸೇರಿದಾಗ ಪದವೂ ಮೂಲೆ ಸೇರಿತು. ಮದುವೆ ಮನೆಯಲ್ಲಿ ಧ್ವನಿವರ್ಧಕ ಬಂತು, ಸೋಬಾನೆಯ ದನಿ ಕೇಳದಾಯಿತು. ಪದ ಬಲ್ಲ ಒಬ್ಬ ಅಜ್ಜಿ ತೀರಿಕೊಂಡರೆ ನೂರಾರು ಪದ ಮಣ್ಣು ಸೇರುತ್ತವೆ.

ಉಳಿಸಿದವರು

1931ರಲ್ಲಿ ವಿಜಯಪುರದ ಕಡೆಯ ಹಲಸಂಗಿ ಗೆಳೆಯರು ಹೆಂಗಸರ ಪದಗಳನ್ನು ಕೂಡಿಸಿ 'ಗರತಿಯ ಹಾಡು' ಎಂಬ ಪುಸ್ತಕ ಹೊರತಂದರು. ನಮ್ಮ ಸೀಮೆಯಲ್ಲಿ ಈ ಕೆಲಸ ಮಾಡಿದವರು ಎಚ್.ಎಲ್. ನಾಗೇಗೌಡರು. ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದರೂ ಹಳ್ಳಿಯ ಹಾಡುಗಾರರ ಮುಂದೆ ಕೂತು ಪದ ಬರೆದುಕೊಂಡರು. 'ಸೋಬಾನೆ ಚಿಕ್ಕಮ್ಮನ ಪದಗಳು' ಎಂಬುದು ಅವರ ಒಂದು ಪುಸ್ತಕ. ಹಾಡಿದಾಕೆಯ ಹೆಸರೇ ಪುಸ್ತಕದ ಹೆಸರು! 1994ರಲ್ಲಿ ಅವರು ರಾಮನಗರದ ಹತ್ತಿರ, ಮೈಸೂರು ರಸ್ತೆಯಲ್ಲಿ ಜಾನಪದ ಲೋಕ ಕಟ್ಟಿದರು. ಹಳೆಯ ಮನೆ ಸಾಮಾನು, ಹೊಲದ ಸಾಮಾನು, ವಾದ್ಯಗಳನ್ನು ಅಲ್ಲಿ ನೋಡಬಹುದು.

ಅಂಕೋಲೆಯ ಸುಕ್ರಿ ಬೊಮ್ಮಗೌಡ ಶಾಲೆಗೆ ಹೋದವರಲ್ಲ. ಹಾಲಕ್ಕಿ ಜನರ ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಊರಿನಲ್ಲಿ ಸಾರಾಯಿ ವಿರುದ್ಧವೂ ನಿಂತರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು.

ಈಗ ನಮ್ಮ ಸರದಿ

ಇಷ್ಟು ದಿನ ನಮ್ಮ ಪದಗಳನ್ನು ಬೇರೆಯವರು ಬಂದು ಬರೆದುಕೊಂಡರು. ಈಗ ನಿಮಗೇ ಅಕ್ಷರ ಬಂದಿದೆ. ನೀವೇ ಬರೆಯಬಹುದು. ಹೀಗೆ ಮಾಡಿ:

1. ನಿಮ್ಮ ಅತ್ತೆಯನ್ನೋ, ಅವ್ವನನ್ನೋ, ಕೇರಿಯ ಅಜ್ಜಿಯನ್ನೋ ಕೇಳಿ. ಮೊದಲು ಪೂರ್ತಿ ಹಾಡಲಿ, ನಡುವೆ ತಡೆಯಬೇಡಿ.
2. ಮನೆಯಲ್ಲಿ ಫೋನ್ ಇದ್ದರೆ ಅವರನ್ನು ಕೇಳಿ ದನಿ ಹಿಡಿದಿಡಿ. ಪದದ ಧಾಟಿ ಕಾಗದದ ಮೇಲೆ ಕೂರುವುದಿಲ್ಲ.
3. ಅವರು ಹೇಳಿದ ಹಾಗೆಯೇ ಬರೆಯಿರಿ. 'ಹಾಲು' ಎನ್ನದೆ 'ಆಲು' ಎಂದರೆ 'ಆಲು' ಎಂದೇ ಬರೆಯಿರಿ. ತಿದ್ದಬೇಡಿ.
4. ಅರ್ಥವಾಗದ ಮಾತಿದ್ದರೆ ಕೇಳಿ, ಪಕ್ಕದಲ್ಲಿ ಅರ್ಥ ಬರೆಯಿರಿ.
5. ಕೆಳಗೆ ಹಾಡಿದವರ ಹೆಸರು, ಊರು, ತಾರೀಖು ಬರೆಯಿರಿ. ಹೆಸರು ಮರೆಯಬೇಡಿ. ಪದ ಅವರದು.

ಒಂದು ದಿನಕ್ಕೆ ಒಂದು ಪದ ಸಾಕು. ಮೂರೇ ಸಾಲು. ವರ್ಷ ಕಳೆಯುವುದರಲ್ಲಿ ಒಂದು ನೋಟ್ ಪುಸ್ತಕ ತುಂಬುತ್ತದೆ.