'ಬ್ಯಾಕ್ ಟು ಬ್ಲ್ಯಾಕ್': ಗತಕಾಲದ ನಾದ ಮತ್ತು ಗಾಯಕಿಯ ವೇಷ

2006ರಲ್ಲಿ ಹೊರಬಂದ ಲಂಡನ್ನಿನ ಏಮಿ ವೈನ್‌ಹೌಸ್ ಅವರ ಈ ಗೀತಸಂಪುಟವನ್ನು 1960ರ ದಶಕದ ಅಮೆರಿಕನ್ ಸೋಲ್ ಸಂಗೀತದ ಅನುಕರಣೆಯೆಂದು ಬದಿಗಿರಿಸುವುದು ಸುಲಭ. ಎತ್ತರದ ತುರುಬು, ದಟ್ಟ ಕಾಡಿಗೆ 'ರೋನೆಟ್ಸ್' ಗಾಯಕಿಯರಿಂದ ಬಂದವು. ನಾದವೂ ಆ ಕಾಲದ್ದೇ. ನಿರ್ಮಾಪಕ ಮಾರ್ಕ್ ರಾನ್ಸನ್ ಹಲವು ಗೀತೆಗಳಿಗೆ ಬ್ರೂಕ್ಲಿನ್‌ನ 'ಡ್ಯಾಪ್-ಕಿಂಗ್ಸ್' ವಾದಕರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಧ್ವನಿಮುದ್ರಿಸಿದರು. ಒಂದು ವಾದ್ಯದ ದನಿ ಮತ್ತೊಂದರ ಮೈಕಿಗೆ ಸೋರುವುದನ್ನು ದೋಷವೆಂದೆಣಿಸಲಿಲ್ಲ. ಅದರ ಬೆಚ್ಚಗಿನ ಒರಟುತನಕ್ಕೆ ಇದೇ ಕಾರಣ. ಸಾಹಿತ್ಯ ಮಾತ್ರ ಹಳೆಯದಲ್ಲ. ಅಂದಿನ ಹುಡುಗಿಯರ ಮೇಳಗಳು ಪ್ರಣಯಭಂಗವನ್ನು ನಯವಾಗಿ ಹಾಡಿದರೆ, ಏಮಿ ಕುಡಿತವನ್ನೂ ತಮ್ಮ ತಪ್ಪುಗಳನ್ನೂ ಮರೆಮಾಚದೆ ಹಾಡಿದರು. 2008ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಚಿಕಿತ್ಸೆಯನ್ನು ನಿರಾಕರಿಸುವ 'ರಿಹ್ಯಾಬ್' ಗೀತೆಯ ದಿಟ್ಟ ನಾಯಕಿಯನ್ನು ಕೇಳುಗರು ಒಂದು ಪಾತ್ರವೆಂದೇ ಭಾವಿಸಿ ನಲಿದಿದ್ದರು. 2011ರ ಜುಲೈನಲ್ಲಿ, 27ನೆಯ ವಯಸ್ಸಿನಲ್ಲಿ, ಅತಿಯಾದ ಮದ್ಯಸೇವನೆಯಿಂದ ಗಾಯಕಿ ತೀರಿಕೊಂಡ ಮೇಲೆ ಆ ಗೀತೆಯನ್ನು ಹಾಗೆ ಕೇಳುವುದು ಕಷ್ಟವಾಯಿತು.